ಫೌಂಡ್ರಿ ಇಂಜಿನಿಯರಿಂಗ್ ವಿಭಾಗ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಆದ ಮೇಲೆ ಮುಂದೇನು ಎಂದು ಯೋಚಿಸುವ ಮಕ್ಕಳು, ಅವರ ಅಪ್ಪ ಅಮ್ಮ, ತೋಟದ ಹಳೇ ಮಿಷನ್ ರಿಪೇರಿಗೆ ಒದ್ದಾಡುವವರು. ಎರಕದ ಕೆಲಸದ ಬಗ್ಗೆ ಇವರೆಲ್ಲ ಕೇಳುವ ಪ್ರಶ್ನೆಗಳನ್ನು ಒಂದೇ ಕಡೆ ಹಾಕಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಬೇಕಾಯಿತು, ಕೆಲವಕ್ಕೆ ನಾಲ್ಕು ಸಾಲು ಸಾಕಾಯಿತು.

ಫೌಂಡ್ರಿ ಇಂಜಿನಿಯರಿಂಗ್ ವಿಭಾಗದಲ್ಲಿ ಕಲಿಸುವುದಾದರೂ ಏನು?

ಲೋಹ ಕರಗಿಸಿ, ಅಚ್ಚಿಗೆ ಹೊಯ್ದು, ಬೇಕಾದ ಆಕಾರಕ್ಕೆ ತರುವುದು ಎರಕ. ಆ ಕೆಲಸ ನಡೆಯುವ ಜಾಗ ಫೌಂಡ್ರಿ. ಬರೀ ಹೊಯ್ಯುವುದನ್ನು ಕಲಿಯಲು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕಿಲ್ಲ. ಒಳ್ಳೆ ಮೇಸ್ತ್ರಿಯ ಕೈಕೆಳಗೆ ಎರಡು ವರ್ಷ ಇದ್ದರೆ ಕೈಗೆ ಬರುತ್ತದೆ.

ವಿಭಾಗದ ಕೆಲಸ ಬೇರೆ. ಒಂದೇ ದಿನ, ಒಂದೇ ಕುಲುಮೆಯ ಲೋಹ, ಒಂದೇ ಮೇಸ್ತ್ರಿ. ಆದರೂ ಕೆಲವು ಪೀಸು ಚೆನ್ನಾಗಿ ಬರುತ್ತವೆ, ಕೆಲವು ಕೆಡುತ್ತವೆ. ಯಾಕೆ? ಹೊರಗಿನಿಂದ ನುಣ್ಣಗೆ ಕಾಣುವ ಎರಕದ ಒಳಗೆ ಗಾಳಿಗುಳ್ಳೆ ಇರಬಹುದು, ಮರಳು ಸೇರಿರಬಹುದು, ಸಣ್ಣ ಬಿರುಕು ಇರಬಹುದು. ಲೇತ್ ಮೇಲೆ ಹಾಕಿ ಅರ್ಧ ಕೆತ್ತಿದ ಮೇಲೆ ಅದು ಗೊತ್ತಾದರೆ ಅಷ್ಟೂ ಕೂಲಿ ಹಾಳು. ಗೊತ್ತೇ ಆಗದೆ ಲಾರಿಯ ಬ್ರೇಕಿಗೆ ಹೋಗಿ ಕೂತರೆ ಇನ್ನೂ ಕಷ್ಟ. ಫೌಂಡ್ರಿಯವರು ಇದನ್ನು ರಿಜೆಕ್ಷನ್ ಎನ್ನುತ್ತಾರೆ. ನನ್ನ ಪ್ರಕಾರ ಈ ವಿಭಾಗಗಳು ಹುಟ್ಟಿದ್ದೂ ರಿಜೆಕ್ಷನ್‌ನಿಂದ, ಇವತ್ತಿಗೂ ಅನ್ನ ತಿನ್ನುತ್ತಿರುವುದೂ ಅದರಿಂದಲೇ.

ಇದು ಮೆಕ್ಯಾನಿಕಲ್ಲೋ, ಮೆಟಲರ್ಜಿಯೋ?

ಎರಡರ ನಡುವೆ. ಲೋಹ ಒಳಗೆ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದು ಮೆಟಲರ್ಜಿ. ಅಚ್ಚು, ಯಂತ್ರ, ಅಳತೆ ಮೆಕ್ಯಾನಿಕಲ್. ಮರಳು, ಜೇಡಿ, ರೆಸಿನ್ ಅಂದರೆ ರಸಾಯನಶಾಸ್ತ್ರ. ಹಾಗಾಗಿ ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಫೌಂಡ್ರಿ ಎಂದರೆ ಮೆಕ್ಯಾನಿಕಲ್ ವಿಭಾಗದ ಹಿಂದಿರುವ ಒಂದು ಶೆಡ್ಡು, ವಾರಕ್ಕೊಂದು ಲ್ಯಾಬ್, ಅಷ್ಟೇ. ಪೂರ್ತಿ ವಿಭಾಗವನ್ನೇ ಕಟ್ಟಿದ ಕಡೆಗಳು ಜಗತ್ತಿನಲ್ಲೇ ಕಡಿಮೆ.

ಹಾಗೆ ಪೂರ್ತಿ ವಿಭಾಗ ಕಟ್ಟಿದವರು ಯಾರು?

ಎಲ್ಲಕ್ಕಿಂತ ಮೊದಲು ಹೇಳಬೇಕಾದ ಹೆಸರು ಪೋಲೆಂಡ್‌ನ ಕ್ರಾಕೋವ್ ನಗರದ ಎಜಿಎಚ್ ವಿಶ್ವವಿದ್ಯಾಲಯ. ಅಲ್ಲಿ ಫೌಂಡ್ರಿ ಇಂಜಿನಿಯರಿಂಗ್‌ಗೆ ವಿಭಾಗ ಅಷ್ಟೇ ಅಲ್ಲ, ಹಲವು ವಿಭಾಗಗಳು ಸೇರಿದ ಒಂದು ಇಡೀ ಫ್ಯಾಕಲ್ಟಿ ಇದೆ. 1951ರಲ್ಲಿ ಶುರುವಾದದ್ದು.

ಅದರ ಹಿಂದಿನ ಕಥೆ ಸ್ವಲ್ಪ ಉದ್ದ. ಕ್ರಾಕೋವ್‌ನಲ್ಲಿ ಗಣಿ ಕಾಲೇಜು ಬೇಕು ಎಂಬ ಬೇಡಿಕೆಗೆ 1913ರಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಆ ಊರು ಆಸ್ಟ್ರಿಯಾದ ಚಕ್ರವರ್ತಿಯ ಕೆಳಗಿತ್ತು. ಮರುವರ್ಷವೇ ಮೊದಲ ಮಹಾಯುದ್ಧ. ಕೆಲಸ ನಿಂತುಹೋಯಿತು. ಯುದ್ಧ ಮುಗಿದು, ಪೋಲೆಂಡ್ ಮತ್ತೆ ಸ್ವತಂತ್ರ ದೇಶವಾದ ಮೇಲೆ 1919ರ ಅಕ್ಟೋಬರ್ 20ರಂದು ಗಣಿ ಅಕಾಡೆಮಿ ಎಂಬ ಹೆಸರಿನಲ್ಲಿ ಕಾಲೇಜಿನ ಬಾಗಿಲು ತೆರೆಯಿತು. ಅದೇ ಈಗಿನ ಎಜಿಎಚ್. ಮೂರು ವರ್ಷದಲ್ಲಿ ಮೆಟಲರ್ಜಿಯೂ ಸೇರಿಕೊಂಡಿತು.

1939ರಲ್ಲಿ ಜರ್ಮನ್ನರು ಬಂದರು. ಆ ವರ್ಷದ ನವೆಂಬರ್ 6ರಂದು ಸಭೆಯ ನೆಪದಲ್ಲಿ ಕ್ರಾಕೋವ್‌ನ ಪ್ರೊಫೆಸರ್‌ಗಳನ್ನು ಕರೆಸಿ, ಸೇರಿದವರನ್ನು ಅಲ್ಲೇ ಬಂಧಿಸಿದರು. ಹೆಚ್ಚಿನವರು ಹಳೆಯ ಯಾಗೆಲೋನಿಯನ್ ವಿಶ್ವವಿದ್ಯಾಲಯದವರು, ಜೊತೆಗೆ ಗಣಿ ಅಕಾಡೆಮಿಯವರೂ ಇದ್ದರು. ಬಹುತೇಕರನ್ನು ನಾಜಿಗಳ ಸಾಕ್ಸೆನ್‌ಹೌಸೆನ್ ಸೆರೆಶಿಬಿರಕ್ಕೆ ಸಾಗಿಸಿದರು. ಅಕಾಡೆಮಿಯ ದೊಡ್ಡ ಕಟ್ಟಡ ಜರ್ಮನ್ ಆಡಳಿತದ ಕಚೇರಿಯಾಯಿತು. ಉಳಿದ ಮೇಷ್ಟ್ರುಗಳು ಸುಮ್ನೆ ಕೂರಲಿಲ್ಲ. ಜರ್ಮನ್ನರು ನಡೆಸಲು ಬಿಟ್ಟಿದ್ದ ಒಂದು ವೃತ್ತಿ ಶಾಲೆಯ ಮರೆಯಲ್ಲಿ ಗುಟ್ಟಾಗಿ ಕಾಲೇಜು ಪಾಠ ನಡೆಸಿದರು. 1945ರಲ್ಲಿ ಖಾಲಿ ಲ್ಯಾಬುಗಳಿಂದ ಮತ್ತೆ ಶುರು ಮಾಡಿದರು.

1949ರಿಂದ ಊರಿನ ಪಕ್ಕದಲ್ಲೇ ನೋವಾ ಹೂತಾ ಎಂಬ ಹೊಸ ಊರು, ಅದರ ಜೊತೆ ಭಾರಿ ಉಕ್ಕಿನ ಕಾರ್ಖಾನೆ ಏಳುತ್ತಿತ್ತು. ದೇಶಕ್ಕೆ ಟ್ರ್ಯಾಕ್ಟರ್ ಬೇಕು, ಪಂಪು ಬೇಕು, ಗಣಿಯ ಯಂತ್ರ ಬೇಕು. ಯಾವ ಯಂತ್ರ ಬಿಚ್ಚಿದರೂ ಒಳಗೆ ಎರಕದ ಭಾಗ ಇದ್ದೇ ಇರುತ್ತದೆ. ಇದಕ್ಕೆಂದೇ ತಯಾರಾದ ಇಂಜಿನಿಯರ್‌ಗಳು ಬೇಕೆಂದು ಮೆಟಲರ್ಜಿಯಿಂದ ಬೇರೆ ಮಾಡಿ ಫೌಂಡ್ರಿ ಫ್ಯಾಕಲ್ಟಿ ತೆರೆದರು.

ಅದೇ ಊರಿನ ವಾವೆಲ್ ಗುಡ್ಡದ ಚರ್ಚಿನಲ್ಲಿ ಸಿಗಿಸ್ಮಂಡ್ ಎಂಬ ಗಂಟೆ ಇದೆ. 1520ರಲ್ಲಿ ಎರಕ ಹೊಯ್ದದ್ದು. ಗಂಟೆಯೊಂದೇ 9 ಟನ್‌ಗೂ ಜಾಸ್ತಿ ತೂಕ. 2000ದ ಡಿಸೆಂಬರಿನಲ್ಲಿ ಅದರ ನಾಲಿಗೆ ಬಿರುಕು ಬಿಟ್ಟಿತು, ಮರುವರ್ಷ ಹೊಸದು ಹಾಕಿದರು. ಗಂಟೆಗೆ ಮಾತ್ರ ಏನೂ ಆಗಿಲ್ಲ. ಐನೂರು ವರ್ಷದ ಹಿಂದೆ ಅಷ್ಟು ಲೋಹವನ್ನು ಒಂದೇ ಬಾರಿಗೆ ದೋಷವಿಲ್ಲದೆ ಹೊಯ್ದವರಿಗೆ ಡಿಗ್ರಿ ಇರಲಿಲ್ಲ ಅನ್ನುವುದನ್ನೂ ನೆನಪಿಡಬೇಕು.

ಬೇರೆ ದೇಶಗಳಲ್ಲಿ?

ಜರ್ಮನಿಯ ಫ್ರೈಬರ್ಗ್‌ನ ಗಣಿ ಅಕಾಡೆಮಿ 1765ರದ್ದು. ಅಲ್ಲಿ ಫೌಂಡ್ರಿಗೆ ಬೇರೆಯೇ ಸಂಸ್ಥೆ ಇದೆ, ಆಹೆನ್‌ನಲ್ಲೂ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಪ್ರೊಫೆಸರ್ ಎರಕದ ಮೇಲೆ ದೊಡ್ಡ ಕೆಲಸ ಮಾಡಿದರು. ಅಮೆರಿಕದ್ದು ಬೇರೆ ದಾರಿ. ಇಂಜಿನಿಯರಿಂಗ್ ಓದಿದವರು ಫೌಂಡ್ರಿ ಕಡೆ ತಲೆಯೇ ಹಾಕುತ್ತಿಲ್ಲ ಎಂದು ಅಲ್ಲಿನ ಫೌಂಡ್ರಿ ಮಾಲೀಕರೇ 1947ರಲ್ಲಿ ಒಂದು ಫೌಂಡೇಶನ್ ಕಟ್ಟಿ ವಿದ್ಯಾರ್ಥಿವೇತನ ಕೊಡಲು ಶುರು ಮಾಡಿದರು. ಫೌಂಡ್ರಿ ಎಂದರೆ ಹೊಗೆ, ಮಸಿ, ಬೆವರು ಎಂದು ಮೂಗು ಮುರಿಯುವುದು ನಮ್ಮಲ್ಲಿ ಮಾತ್ರ ಅಲ್ಲ.

ಡಿಗ್ರಿ ಇಲ್ಲದೆಯೇ ನಮ್ಮ ಹಿರಿಯರು ಅಷ್ಟು ಚೆಂದದ ದೀಪ, ವಿಗ್ರಹ ಮಾಡಿಲ್ವಾ?

ಮಾಡಿದ್ದಾರೆ. ಮಾಕುಟ್ಟ ದಾಟಿ ಕಣ್ಣೂರು ಜಿಲ್ಲೆಗೆ ಇಳಿದರೆ ಕುಂಞಿಮಂಗಲ ಎಂಬ ಊರಿದೆ. ಅಲ್ಲಿನ ಮೂಶಾರಿಗಳು ಇವತ್ತಿಗೂ ಮೇಣದ ಅಚ್ಚಿನಲ್ಲಿ ಕಂಚು ಹೊಯ್ಯುತ್ತಾರೆ. ಈ ಕಡೆ ಮಂಡ್ಯದ ನಾಗಮಂಗಲವೂ ಕಂಚಿನ ವಿಗ್ರಹಕ್ಕೆ ಹೆಸರಾದದ್ದು. ಮೇಣದಲ್ಲಿ ಗೊಂಬೆ ಮಾಡು, ಮೇಲೆ ನಯವಾದ ಮಣ್ಣು ಮೆತ್ತು, ಒಣಗಿಸು, ಕಾಯಿಸಿ ಮೇಣ ಬಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯಿ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಈ ವಿಧಾನ ವಿವರವಾಗಿ ಇದೆ. ಮೇಣ ತೂಗಿ, ಅದರ ಇಷ್ಟು ಪಟ್ಟು ಲೋಹ ತಗೋ ಎಂಬ ಲೆಕ್ಕವೂ ಅದರಲ್ಲಿದೆ. ಇವತ್ತಿನ ಸಾಂದ್ರತೆಯ ಲೆಕ್ಕ ಹಾಕಿದರೂ ಕಂಚು ಜೇನುಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರ.

ಇಂದಿನ ಜೆಟ್ ಇಂಜಿನ್ನಿನ ಟರ್ಬೈನ್ ಬ್ಲೇಡ್ ಮಾಡುವುದೂ ಇದೇ ಉಪಾಯದಲ್ಲಿ. ಮಣ್ಣಿನ ಬದಲು ಸೆರಾಮಿಕ್, ಅಷ್ಟೇ. ಆದರೆ ವಿಗ್ರಹ ಮಾಡುವವರು ವರ್ಷಕ್ಕೆ ಕೆಲವೇ ಪೀಸು ಮಾಡುತ್ತಾರೆ. ಒಂದು ಕೆಟ್ಟರೆ ಒಡೆದು ಮತ್ತೆ ಕರಗಿಸುತ್ತಾರೆ. ಕಾರ್ ಕಂಪನಿಗೆ ತಿಂಗಳಿಗೆ ಸಾವಿರಾರು ಬ್ರೇಕ್ ಡ್ರಮ್ ಕೊಡುವವರಿಗೆ ಆ ಪುರುಸೊತ್ತು ಇಲ್ಲ. ಕೈಯ ಅಂದಾಜನ್ನು ಅಳತೆಗೆ ಇಳಿಸಲೇಬೇಕು. ವಿಭಾಗ ಬೇಕಾಗುವುದು ಅಲ್ಲಿ.

ಕೊಡವರ ಪೀಚೆಕತ್ತಿ, ಒಡಿಕತ್ತಿ ಎರಕದವಾ?

ಅಲ್ಲ. ಅಲಗು ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ್ದು. ಎರಕದ ಬೀಡುಕಬ್ಬಿಣದಲ್ಲಿ ಅಂಥ ಅಲಗು ಮಾಡಿದರೆ ಮೊದಲ ಏಟಿಗೇ ಮುರಿಯುತ್ತದೆ.

ವಿಭಾಗದ ಒಳಗೆ ದಿನಾ ಏನು ನಡೆಯುತ್ತದೆ?

ಬೆಂಕಿ, ಕಿಡಿ ನೋಡಲು ಹೋದವರಿಗೆ ಬೇಸರ ಆಗಬಹುದು. ಹೆಚ್ಚಿನ ಹೊತ್ತು ಕಳೆಯುವುದು ಮರಳಿನ ಜೊತೆ. ನನ್ನನ್ನು ಕೇಳಿದರೆ ಯಾವ ವಿಭಾಗಕ್ಕೆ ಹೋದರೂ ಮೊದಲು ಅದರ ಸ್ಯಾಂಡ್ ಲ್ಯಾಬ್ ನೋಡಬೇಕು. ಅಲ್ಲಿನ ತಕ್ಕಡಿಯ ಮೇಲೆ ದೂಳು ಕೂತಿದ್ದರೆ ಉಳಿದದ್ದನ್ನು ನೋಡುವ ಅಗತ್ಯವಿಲ್ಲ.

ಅಚ್ಚಿನ ಮರಳು ಸಾದಾ ಮರಳಲ್ಲ. ಸಿಲಿಕಾ ಮರಳು ನೂರಕ್ಕೆ 85ರಿಂದ 90 ಪಾಲು, ಬೆಂಟೊನೈಟ್ ಜೇಡಿ 7ರಿಂದ 10 ಪಾಲು, ನೀರು 3ರಿಂದ 4, ಸ್ವಲ್ಪ ಕಲ್ಲಿದ್ದಲ ಪುಡಿ. ನೀರು ಒಂದೇ ಪಾಲು ಹೆಚ್ಚಾದರೂ ಆಟ ಕೆಡುತ್ತದೆ. ಬಿಸಿ ಲೋಹ ತಾಗಿದ ಕೂಡಲೇ ನೀರು ಆವಿಯಾಗಿ, ಹೋಗಲು ದಾರಿ ಸಿಗದೆ ಲೋಹದೊಳಗೇ ನುಗ್ಗುತ್ತದೆ. ತಣ್ಣಗಾದ ಮೇಲೆ ಕೊಯ್ದು ನೋಡಿದರೆ ಒಳಗೆ ನುಣುಪು ಗೋಡೆಯ ಗುಳ್ಳೆಗಳು. ನೀರು ಕಮ್ಮಿಯಾದರೆ ಅಚ್ಚಿನ ಅಂಚು ಉದುರಿ ಲೋಹಕ್ಕೆ ಮರಳು ಸೇರುತ್ತದೆ.

ಹಳೇ ಮೇಸ್ತ್ರಿಗಳಿಗೆ ಇದನ್ನು ನೋಡಲು ಯಂತ್ರ ಬೇಡ. ಒಂದು ಹಿಡಿ ಮರಳು ತೆಗೆದು ಗಟ್ಟಿಯಾಗಿ ಹಿಸುಕುತ್ತಾರೆ. ಮುಷ್ಟಿ ಬಿಚ್ಚಿದಾಗ ಬೆರಳಿನ ಗುರುತು ಮರಳಿನ ಮೇಲೆ ಅಚ್ಚೊತ್ತಿದ ಹಾಗೆ ನಿಲ್ಲಬೇಕು, ಅಂಗೈಗೆ ಅಂಟಬಾರದು. ಮತ್ತೆ ಆ ಉಂಡೆಯನ್ನು ಎರಡು ತುದಿ ಹಿಡಿದು ಮುರಿಯುತ್ತಾರೆ. ಮುರಿದ ಅಂಚು ಚೂಪಾಗಿ ನಿಂತರೆ ಮರಳು ಸರಿ ಇದೆ. ಪುಡಿಪುಡಿಯಾಗಿ ಉದುರಿದರೆ ತಲೆ ಅಲ್ಲಾಡಿಸಿ ನೀರಿನ ಕ್ಯಾನು ಎತ್ತಿಕೊಳ್ಳುತ್ತಾರೆ.

ಲ್ಯಾಬಿನಲ್ಲಿ ಇದೇ ಪರೀಕ್ಷೆಗೆ ಅಂಕಿ ಕೊಡುತ್ತಾರೆ. ತೂಕ ಮಾಡಿದ ಮರಳನ್ನು ಉಕ್ಕಿನ ಕೊಳವೆಗೆ ಹಾಕಿ, ಗೊತ್ತಾದ ತೂಕದ ಗುಂಡನ್ನು ಮೂರು ಸಲ ಮೇಲಿನಿಂದ ಬೀಳಿಸುತ್ತಾರೆ. ಸುಮಾರು 50 ಮಿಲಿಮೀಟರ್ ಅಗಲ, ಅಷ್ಟೇ ಎತ್ತರದ ಉರುಳೆ ಸಿಗುತ್ತದೆ. ಅದನ್ನು ಒತ್ತಿ ಎಷ್ಟಕ್ಕೆ ಒಡೆಯುತ್ತದೆ ನೋಡುತ್ತಾರೆ, ಗಾಳಿ ಬಿಟ್ಟು ಎಷ್ಟು ಬೇಗ ದಾಟುತ್ತದೆ ನೋಡುತ್ತಾರೆ, ಜರಡಿಯಲ್ಲಿ ಹಾಕಿ ಕಾಳಿನ ಗಾತ್ರ ಅಳೆಯುತ್ತಾರೆ. ಮೇಸ್ತ್ರಿಯ ಮುಷ್ಟಿ ಸುಳ್ಳು ಹೇಳುವುದಿಲ್ಲ. ಆದರೆ ಆ ಮುಷ್ಟಿ ರಜೆ ಹಾಕಿದ ದಿನ ಫೌಂಡ್ರಿ ಏನು ಮಾಡಬೇಕು ಹೇಳಿ. ಅಂಕಿ ಬರೆದಿಟ್ಟರೆ ರಾತ್ರಿ ಪಾಳಿಯ ಹೊಸ ಹುಡುಗನೂ ಅದೇ ಮರಳು ಮಾಡಬಲ್ಲ.

ಲೋಹ ಕರಗಿಸುವುದನ್ನೂ ಕಲಿಸುತ್ತಾರಾ?

ಹೌದು. ಬೀಡುಕಬ್ಬಿಣ 1150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಹೊಯ್ಯುವಾಗ ಸುಮಾರು 1350ರಿಂದ 1400 ಇರಬೇಕು, ಇಲ್ಲದಿದ್ದರೆ ಅಚ್ಚಿನ ಮೂಲೆ ತಲುಪುವ ಮೊದಲೇ ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಕಾಲೇಜು ಲ್ಯಾಬಿನಲ್ಲಿ ಹೆಚ್ಚಾಗಿ ಅದನ್ನೇ ಬಳಸುತ್ತಾರೆ.

ಹಿಂದೆ ಕಬ್ಬಿಣಕ್ಕೆ ಕ್ಯುಪೋಲಾ ಎಂಬ ಎತ್ತರದ ಕುಲುಮೆ ಇತ್ತು. ಇಂಗ್ಲೆಂಡಿನ ವಿಲ್ಕಿನ್ಸನ್ 1794ರಲ್ಲಿ ಪೇಟೆಂಟ್ ಪಡೆದದ್ದು. ಮೇಲಿನಿಂದ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಉರುವಲು), ಕಬ್ಬಿಣ, ಸುಣ್ಣದ ಕಲ್ಲು ಪದರ ಪದರವಾಗಿ ಹಾಕಿ ಕೆಳಗಿನಿಂದ ಗಾಳಿ ಊದುತ್ತಾರೆ. ಎಷ್ಟು ಗಾಳಿ ಊದಿದರೆ ಎಷ್ಟು ಕಬ್ಬಿಣ ಕರಗುತ್ತದೆ ಎಂಬ ಲೆಕ್ಕ ಹಾಕಿಕೊಟ್ಟವರಲ್ಲಿ ಪೋಲಿಷ್ ಇಂಜಿನಿಯರ್ ಯೆಝಿ ಬುಜೆಕ್ ಒಬ್ಬರು. ಈಗ ಇಂಡಕ್ಷನ್ ಫರ್ನೇಸ್ ಬಂದು ಹೊಗೆ ಕಮ್ಮಿಯಾಗಿದೆ, ಕರೆಂಟ್ ಬಿಲ್ ಜಾಸ್ತಿಯಾಗಿದೆ. ಒಂದು ಟನ್ ಕಬ್ಬಿಣ ಕರಗಿಸಲು ಹೆಚ್ಚುಕಮ್ಮಿ 600 ಯೂನಿಟ್ ಬೇಕು.

ಈ ವಿಭಾಗಗಳ ಸಂಶೋಧನೆಯಿಂದ ನಮಗೇನು ಸಿಕ್ಕಿದೆ?

ಕಾರಿನ ಕ್ರ್ಯಾಂಕ್‌ಶಾಫ್ಟ್, ಊರಿನ ನೀರಿನ ಪೈಪು, ರಸ್ತೆಯ ಮೇಲಿನ ಮ್ಯಾನ್‌ಹೋಲ್ ಮುಚ್ಚಳ. ಇವುಗಳಲ್ಲಿ ಈಗ ಹೆಚ್ಚಾಗಿ ಬಳಸುವುದು ಎಸ್‌ಜಿ ಕಬ್ಬಿಣ, ಅಂದರೆ ಇಂಗಾಲ ಉಂಡೆ ಉಂಡೆಯಾಗಿ ಕೂತ ಬೀಡುಕಬ್ಬಿಣ. ಸಾದಾ ಬೀಡುಕಬ್ಬಿಣದಲ್ಲಿ ಇಂಗಾಲ ತೆಳು ಹಾಳೆಗಳಾಗಿ ಹರಡಿರುತ್ತದೆ. ಪ್ರತಿ ಹಾಳೆಯ ತುದಿಯೂ ಬಿರುಕಿಗೆ ಬಾಗಿಲು. ಆ ಹಾಳೆ ಉಂಡೆಯಾದರೆ ಕಬ್ಬಿಣ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಅಮೆರಿಕದ ಒಂದು ನಿಕಲ್ ಕಂಪನಿಯ ಲ್ಯಾಬಿನಲ್ಲಿ ಕೀತ್ ಮಿಲ್ಲಿಸ್ 1943ರಲ್ಲಿ ಕರಗಿದ ಕಬ್ಬಿಣಕ್ಕೆ ಸ್ವಲ್ಪ ಮೆಗ್ನೀಸಿಯಂ ಹಾಕಿ ಇದನ್ನು ಕಂಡುಕೊಂಡರು. ಕೊನೆಗೆ ಕಬ್ಬಿಣದಲ್ಲಿ ಉಳಿಯಬೇಕಾದ ಮೆಗ್ನೀಸಿಯಂ ನೂರಕ್ಕೆ 0.03ರಿಂದ 0.05 ಪಾಲು ಮಾತ್ರ. ಹಾಕಿದ ಮೇಲೆ ಹರಟೆ ಹೊಡೆಯುತ್ತಾ ನಿಂತರೆ ಅದು ಹಾರಿಹೋಗುತ್ತದೆ, ಉಂಡೆ ಮತ್ತೆ ಹಾಳೆಯಾಗುತ್ತದೆ. ಕೆಲವೇ ನಿಮಿಷದಲ್ಲಿ ಹೊಯ್ದು ಮುಗಿಸಬೇಕು.

ಇದು ಕಂಪನಿ ಲ್ಯಾಬಿನ ಶೋಧ, ನಿಜ. ಆದರೆ ಯಾವ ದಪ್ಪಕ್ಕೆ ಎಷ್ಟು ಹಾಕಬೇಕು, ಉಂಡೆ ಯಾಕೆ ಕೆಡುತ್ತದೆ ಎಂದು ಮುಂದಿನ ದಶಕಗಳಲ್ಲಿ ತಲೆ ಕೆಡಿಸಿಕೊಂಡವರಲ್ಲಿ ವಿಶ್ವವಿದ್ಯಾಲಯದವರ ಪಾಲು ದೊಡ್ಡದು. ಬರ್ಮಿಂಗ್‌ಹ್ಯಾಮ್‌ನ ಕ್ಯಾಂಪ್‌ಬೆಲ್ ತೋರಿಸಿದ್ದು ಇನ್ನೊಂದು. ಅಲ್ಯೂಮಿನಿಯಂನಂಥ ಲೋಹ ಅಚ್ಚಿನೊಳಗೆ ಸೆಕೆಂಡಿಗೆ ಅರ್ಧ ಮೀಟರಿಗಿಂತ ಜೋರಾಗಿ ನುಗ್ಗಿದರೆ ಮೇಲಿನ ಆಕ್ಸೈಡ್ ಪೊರೆ ಮಡಚಿ ಒಳಗೆ ಸೇರುತ್ತದೆ, ಆಮೇಲೆ ಆ ಮಡಿಕೆಯಲ್ಲೇ ಬಿರುಕು ಏಳುತ್ತದೆ. ಅಲ್ಲಿಯವರೆಗೆ ಎಷ್ಟೋ ಫೌಂಡ್ರಿಗಳಲ್ಲಿ ಇಂಥ ಬಿರುಕಿಗೆ ಲೋಹ ಸರಿಯಿಲ್ಲ ಎಂದು ಬೈಸಿಕೊಳ್ಳುತ್ತಿದ್ದವರು ಸ್ಕ್ರಾಪ್ ತಂದುಕೊಟ್ಟವರು.

ಕಂಪ್ಯೂಟರ್ ಎಲ್ಲ ಮಾಡುವಾಗ ಇನ್ನೂ ಮರಳಿನಲ್ಲಿ ಆಡುವುದು ಯಾಕೆ?

ಕಂಪ್ಯೂಟರ್ ಬಂದು ದೊಡ್ಡ ಉಪಕಾರ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಲೋಹ ತಣ್ಣಗಾಗುವಾಗ ಕುಗ್ಗುತ್ತದೆ. ದಪ್ಪ ಭಾಗ ಕೊನೆಗೆ ಗಟ್ಟಿಯಾಗುತ್ತದೆ. ಅಷ್ಟೊತ್ತಿಗೆ ಸುತ್ತಲಿನ ಲೋಹ ಗಟ್ಟಿಯಾಗಿ, ಕುಗ್ಗಿದ ಜಾಗ ತುಂಬಲು ಏನೂ ಸಿಗದೆ ಅಲ್ಲಿ ಪೊಳ್ಳು ಉಳಿಯುತ್ತದೆ. ಅದಕ್ಕೇ ಪಕ್ಕದಲ್ಲಿ ರೈಸರ್ ಎಂಬ ಲೋಹದ ಕಂಬ ನಿಲ್ಲಿಸುತ್ತಾರೆ. ಅದು ಎಲ್ಲಕ್ಕಿಂತ ಕೊನೆಗೆ ಗಟ್ಟಿಯಾಗಿ ತನ್ನ ಲೋಹವನ್ನು ಪೀಸಿಗೆ ಕೊಡಬೇಕು. ಎಷ್ಟು ದೊಡ್ಡ ರೈಸರ್? ಸ್ಕೋಡಾ ಕಾರ್ಖಾನೆಯ ಖ್ವೊರಿನೋವ್ 1940ರಲ್ಲಿ ಒಂದು ಸೂತ್ರ ಕೊಟ್ಟರು. ಗಾತ್ರವನ್ನು ಹೊರಮೈಯಿಂದ ಭಾಗಿಸಿ ವರ್ಗ ಮಾಡಿದರೆ ಗಟ್ಟಿಯಾಗುವ ಸಮಯದ ಅಂದಾಜು ಸಿಗುತ್ತದೆ. ಒಂದು ಘನದ ಬದಿ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು.

ಸಾದಾ ಆಕಾರಕ್ಕೆ ಈ ಸೂತ್ರ ಸಾಕು. ಇಂಜಿನ್ ಬ್ಲಾಕಿನಂಥ ಜಟಿಲ ಆಕಾರಕ್ಕೆ ಸಾಕಾಗುವುದಿಲ್ಲ. ಆಹೆನ್‌ನ ಫೌಂಡ್ರಿ ಸಂಸ್ಥೆಯ ನಂಟಿನಲ್ಲೇ 1988ರಲ್ಲಿ ಮ್ಯಾಗ್ಮಾ ಎಂಬ ಸಿಮ್ಯುಲೇಶನ್ ಕಂಪನಿ ಹುಟ್ಟಿತು. ನಮ್ಮಲ್ಲಿ ಐಐಟಿ ಬಾಂಬೆಯ ಪ್ರೊ. ಬಿ. ರವಿ ಆಟೋಕಾಸ್ಟ್ ಸಾಫ್ಟ್‌ವೇರ್ ಮಾಡಿದರು, ಇ-ಫೌಂಡ್ರಿ ಎಂಬ ಆನ್‌ಲೈನ್ ಕಲಿಕೆಯ ತಾಣ ಕಟ್ಟಿದರು. ಆಮೇಲೆ ಅವರು ನಮ್ಮ ಪಕ್ಕದ ಸುರತ್ಕಲ್ ಎನ್‌ಐಟಿಕೆಗೇ ನಿರ್ದೇಶಕರಾಗಿ ಬಂದರು.

ಆದರೆ ಕಂಪ್ಯೂಟರಿಗೆ ಮರಳಿನ ನೀರು ಎಷ್ಟು, ಲೋಹದ ಬಿಸಿ ಎಷ್ಟು ಎಂದು ಹೇಳಬೇಕಾದವರು ನಾವೇ. ತಪ್ಪು ಅಂಕಿ ಕೊಟ್ಟರೆ ಬಣ್ಣಬಣ್ಣದ ತಪ್ಪು ಉತ್ತರ ಕೊಡುತ್ತದೆ. ಮರಳು ಮುಟ್ಟದೆ ಬರೀ ಪರದೆ ನೋಡಿ ಪಾಸಾದವರು ಶಾಪ್ ಫ್ಲೋರಿಗೆ ಬಂದ ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಾರೆ.

ಕರ್ನಾಟಕದಲ್ಲಿ ಇದರ ಇತಿಹಾಸ ಏನು?

ಭದ್ರಾವತಿಯಿಂದ ಶುರು ಮಾಡಬೇಕು. 1918ರಲ್ಲಿ ಸ್ಥಾಪನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲಿ ಅದಿರು ಕರಗಿಸುತ್ತಿದ್ದರು, ಬೀಡುಕಬ್ಬಿಣದ ಪೈಪನ್ನೂ ಹೊಯ್ಯುತ್ತಿದ್ದರು. ಅದರ ಹಿಂದಿದ್ದ ವಿಶ್ವೇಶ್ವರಯ್ಯನವರೇ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೂ ಕಾರಣರಾದವರು, ಈಗಿನ ಯುವಿಸಿಇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಟಲರ್ಜಿ ವಿಭಾಗ 1945ರಲ್ಲಿ ಬಂತು. ಸುರತ್ಕಲ್‌ನ ಕೆಆರ್‌ಇಸಿ, ಅಂದರೆ ಈಗಿನ ಎನ್‌ಐಟಿಕೆ, 1960ರದ್ದು, ಅಲ್ಲಿ ಮೆಟಲರ್ಜಿಯೂ ಸೇರಿತು. ಬೆಂಗಳೂರಿನ ಎಚ್‌ಎಎಲ್‌ಗೆ ಸ್ವಂತ ಫೌಂಡ್ರಿ ಮತ್ತು ಫೋರ್ಜ್ (ಲೋಹ ಕಾಯಿಸಿ ಬಡಿದು ಆಕಾರ ಕೊಡುವ) ವಿಭಾಗ ಇದೆ.

ಇವತ್ತು ರಾಜ್ಯದಲ್ಲಿ ಎರಕ ಎಂದರೆ ಬೆಳಗಾವಿ. ಪಂಪು, ವಾಲ್ವು, ವಾಹನದ ಭಾಗ, ಎಲ್ಲವನ್ನೂ ಹೊಯ್ಯುವ ಸಣ್ಣ ಮಧ್ಯಮ ಫೌಂಡ್ರಿಗಳು ಅಲ್ಲಿ ಸಾಲಾಗಿವೆ. ನಮ್ಮ ವಿಟಿಯು ಮುಖ್ಯ ಕಚೇರಿಯೂ ಅದೇ ಊರಿನಲ್ಲಿ. ಇಷ್ಟಿದ್ದರೂ ಫೌಂಡ್ರಿ ಕಲಿಕೆ ಹೆಚ್ಚಿನ ಕಾಲೇಜುಗಳಲ್ಲಿ ಒಂದು ಲ್ಯಾಬಿಗೇ ನಿಂತಿರುವುದು ಬೇಸರದ ವಿಷಯ.

ಇದನ್ನೇ ಓದಬೇಕೆಂದರೆ ಭಾರತದಲ್ಲಿ ಎಲ್ಲಿಗೆ ಹೋಗಬೇಕು?

ರಾಂಚಿಗೆ. ಹಟಿಯಾದಲ್ಲಿ 1966ರಲ್ಲಿ ಯುನೆಸ್ಕೋ ನೆರವಿನಿಂದ ಶುರುವಾದ ಎನ್‌ಐಎಫ್‌ಎಫ್‌ಟಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಫೌಂಡ್ರಿ ಅಂಡ್ ಫೋರ್ಜ್ ಟೆಕ್ನಾಲಜಿ) ಫೌಂಡ್ರಿ ಮತ್ತು ಫೋರ್ಜ್‌ಗೆಂದೇ ಕಟ್ಟಿದ ಸಂಸ್ಥೆ. ಪಕ್ಕದಲ್ಲೇ ಭಾರಿ ಯಂತ್ರ ಮಾಡುವ ಸರ್ಕಾರಿ ಕಂಪನಿ ಎಚ್‌ಇಸಿಯ ದೊಡ್ಡ ಫೌಂಡ್ರಿ ಇತ್ತು, ಜೆಕೊಸ್ಲೊವಾಕಿಯಾದವರ ನೆರವಿನಲ್ಲಿ ಕಟ್ಟಿದ್ದು. ಕ್ರಾಕೋವ್‌ನಲ್ಲಿ ಆದ ಹಾಗೇ ಇಲ್ಲೂ ದೊಡ್ಡ ಕಾರ್ಖಾನೆ, ಪಕ್ಕದಲ್ಲಿ ಕಾಲೇಜು. ಈಗ ಆ ಸಂಸ್ಥೆಯ ಹೆಸರು ಎನ್‌ಐಎಎಂಟಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ) ಎಂದಾಗಿದೆ. ಹೆಸರಿನಿಂದ ಫೌಂಡ್ರಿಯನ್ನು ತೆಗೆದದ್ದು ನನಗೆ ಅಷ್ಟು ಸರಿ ಕಾಣಲಿಲ್ಲ.

ಕೊಡಗಿನ ಮಕ್ಕಳಿಗೆ ಹತ್ತಿರದ ದಾರಿ ಬೇರೆ ಇದೆ. ಕುಶಾಲನಗರ, ಪೊನ್ನಂಪೇಟೆ ಎರಡೂ ಕಡೆ ಇಂಜಿನಿಯರಿಂಗ್ ಕಾಲೇಜು ಇವೆ. ಎಲ್ಲೇ ಆಗಲಿ ಮೆಕ್ಯಾನಿಕಲ್ ಅಥವಾ ಮೆಟಲರ್ಜಿ ಓದಿ, ರಜೆಯಲ್ಲಿ ಬೆಳಗಾವಿಗೋ ಕೊಯಮತ್ತೂರಿಗೋ ಇಂಟರ್ನ್‌ಶಿಪ್‌ಗೆ ಹೋಗಿ, ಆಮೇಲೆ ಎಂ.ಟೆಕ್ ಯೋಚನೆ ಮಾಡಬಹುದು. ಡಿಪ್ಲೊಮಾ, ಐಟಿಐ ಮಾಡಿದವರಿಗೂ ಫೌಂಡ್ರಿಯಲ್ಲಿ ಜಾಗ ಇದೆ. ಒಳ್ಳೆ ಪ್ಯಾಟರ್ನ್ ಮೇಕರ್ (ಮರಳಿನಲ್ಲಿ ಅಚ್ಚು ತೆಗೆಯಲು ಬೇಕಾದ ಮಾದರಿ ಮಾಡುವವರು) ಸಿಗುವುದು ಈಗ ಇಂಜಿನಿಯರ್ ಸಿಗುವುದಕ್ಕಿಂತ ಕಷ್ಟ.

ಕೆಲಸ ಸಿಗುತ್ತಾ?

ಸಿಗುತ್ತದೆ. ಎರಕದ ಉತ್ಪಾದನೆಯಲ್ಲಿ ಚೀನಾ ಬಿಟ್ಟರೆ ಭಾರತವೇ ಮುಂದೆ, ವರ್ಷಕ್ಕೆ ಒಂದು ಕೋಟಿ ಟನ್‌ಗೂ ಜಾಸ್ತಿ. ಆದರೆ ಶುರುವಿನ ಸಂಬಳ ಸಾಫ್ಟ್‌ವೇರ್‌ನವರಷ್ಟು ಇರುವುದಿಲ್ಲ. ರಾತ್ರಿ ಪಾಳಿಯೂ ಇರುತ್ತದೆ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕಳಿಸಬಾರದು.

ಹೆಣ್ಣುಮಕ್ಕಳಿಗೆ ಆಗುವ ಕೆಲಸವಾ?

ಯಾಕಾಗಬಾರದು? ಕರಗಿದ ಲೋಹ ತುಂಬಿದ ಭಾರದ ಪಾತ್ರೆ, ಅಂದರೆ ಲ್ಯಾಡಲ್, ಎತ್ತುವುದು ಕ್ರೇನು. ಸ್ಯಾಂಡ್ ಲ್ಯಾಬ್, ಮೆಥಡಿಂಗ್ (ಅಚ್ಚಿಗೆ ಲೋಹ ಹೋಗುವ ದಾರಿ, ರೈಸರ್ ಇಡುವ ಜಾಗ ತೀರ್ಮಾನಿಸುವುದು), ಸಿಮ್ಯುಲೇಶನ್, ಕ್ವಾಲಿಟಿ, ಕರಗಿಸುವ ವಿಭಾಗ, ಎಲ್ಲ ಕಡೆ ಬೇಕಾಗುವುದು ತಲೆ ಮತ್ತು ತಾಳ್ಮೆ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಶೌಚಾಲಯ, ರಾತ್ರಿ ವಾಹನ, ಹಾಸ್ಟೆಲ್ ಬಗ್ಗೆ ನಾಚಿಕೆ ಇಲ್ಲದೆ ಕೇಳಿ. ಸರಿಯಾದ ಉತ್ತರ ಕೊಡದ ಕಂಪನಿಗೆ ಹೋಗುವುದು ಬೇಡ.

ಅಪಾಯ ಇಲ್ವಾ?

ಇದೆ. ಸುಡುವ ಲೋಹ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಅದಕ್ಕೆ ಹೆದರಿ ದೂರ ನಿಲ್ಲುತ್ತಾರೆ. ಕಾಣದೇ ಇರುವುದು ಸಿಲಿಕಾ ದೂಳು. ವರ್ಷಗಟ್ಟಲೆ ಉಸಿರಿಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಮೂಗಿಗೆ ಕರ್ಚೀಫು ಕಟ್ಟಿದರೆ ಏನೂ ಉಪಯೋಗವಿಲ್ಲ, ಸರಿಯಾದ ಮಾಸ್ಕ್ ಮತ್ತು ದೂಳು ಎಳೆಯುವ ವ್ಯವಸ್ಥೆ ಇರಲೇಬೇಕು.

ಇನ್ನೊಂದು ನೀರು. ಒದ್ದೆ ಸ್ಕ್ರಾಪ್ ಕರಗಿದ ಲೋಹದೊಳಗೆ ಬಿದ್ದರೆ ನೀರು ಕ್ಷಣದಲ್ಲಿ ಆವಿಯಾಗಿ 1600 ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಮೇಲಿನ ಲೋಹವನ್ನೆಲ್ಲ ಎತ್ತಿ ಎಸೆಯುತ್ತದೆ. ನಮ್ಮ ಕಡೆಯ ಜುಲೈ ಮಳೆಯಲ್ಲಿ ಹೊರಗೆ ಬಿಟ್ಟ ಕಬ್ಬಿಣ ಹೇಗಿರುತ್ತದೆ ಎಂದು ಗೊತ್ತಲ್ಲ. ಸ್ಕ್ರಾಪ್‌ಗೆ ಸೂರು, ಲ್ಯಾಡಲ್‌ಗೆ ಮೊದಲೇ ಬಿಸಿ, ಈ ಎರಡರಲ್ಲಿ ರಾಜಿ ಇಲ್ಲ.

ಕೊಡಗಿನಲ್ಲೇ ಒಂದು ದೊಡ್ಡ ಫೌಂಡ್ರಿ ಯಾಕೆ ಬರಲಿಲ್ಲ?

ಬರದಿದ್ದದ್ದೇ ಒಳ್ಳೆಯದಾಯಿತು ಅನ್ನುವವನು ನಾನು. ಫೌಂಡ್ರಿಗೆ ಕೋಕ್, ಪಿಗ್ ಐರನ್, ಸ್ಕ್ರಾಪ್ ಟನ್‌ಗಟ್ಟಲೆ ಬರಬೇಕು. ನಮ್ಮಲ್ಲಿ ಇವತ್ತಿಗೂ ರೈಲಿಲ್ಲ. ಅಚ್ಚಿಗೆ ಬೇಕಾದ ಶುದ್ಧ ಸಿಲಿಕಾ ಮರಳು ಹೊಳೆಯಲ್ಲಿ ಸಿಗುವುದಿಲ್ಲ, ಹೊಳೆ ಮರಳಿನಲ್ಲಿ ಮಣ್ಣು, ಬೇರೆ ಖನಿಜ ಸೇರಿರುತ್ತದೆ. ಮಳೆಗಾಲದ ಕರೆಂಟಿನ ಕಥೆ ನಿಮಗೇ ಗೊತ್ತು. ಕರಗಿದ ಲೋಹ ಫರ್ನೇಸಿನಲ್ಲಿರುವಾಗ ಕರೆಂಟ್ ಹೋಗಿ ವಾಪಸ್ ಬರದಿದ್ದರೆ ಲೋಹ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಜೊತೆಗೆ ಬಳಸಿ ಬಿಸಾಡಿದ ಮರಳನ್ನು ಎಲ್ಲಿ ಸುರಿಯುವುದು? ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಅದಕ್ಕೆ ಜಾಗ ಹುಡುಕಬಾರದು.

ತೋಟದ ಹಳೇ ಪಲ್ಪರಿನ ಒಡೆದ ಭಾಗವನ್ನು ಮತ್ತೆ ಎರಕ ಹೊಯ್ಯಿಸಬಹುದಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ, ಅಂದರೆ ಪಲ್ಪಿಂಗ್ ಮಾಡುವ ಹಳೇ ತೋಟಗಳಲ್ಲಿ ಬೀಡುಕಬ್ಬಿಣದ ಚೌಕಟ್ಟಿನ ಪಲ್ಪರ್‌ಗಳು ಇನ್ನೂ ತಿರುಗುತ್ತಿವೆ. ಹಣ್ಣಿನ ಜೊತೆ ಕಲ್ಲು ಹೋಗಿಯೋ, ಬೋಲ್ಟ್ ಅತಿಯಾಗಿ ಬಿಗಿದೋ ಚೌಕಟ್ಟಿನಲ್ಲಿ ಬೋಲ್ಟ್ ಕೂರುವ ಒಂದು ಕಿವಿ ಮುರಿಯುತ್ತದೆ. ಕಂಪನಿ ಇಲ್ಲ, ಸ್ಪೇರ್ ಇಲ್ಲ.

ಮೊದಲು ಮುರಿದ ಮುಖ ನೋಡಿ. ಬೂದು ಬಣ್ಣ ಇದ್ದು, ಬೆರಳು ಉಜ್ಜಿದರೆ ಪೆನ್ಸಿಲ್ ಕಡ್ಡಿಯ ಹಾಗೆ ಕಪ್ಪು ಅಂಟಿದರೆ ಅದು ಸಾದಾ ಬೀಡುಕಬ್ಬಿಣ. ಮುಖದ ಒಂದು ಭಾಗ ತುಕ್ಕು ಹಿಡಿದು ಕಂದಾಗಿ, ಉಳಿದದ್ದು ಹೊಸದಾಗಿ ಹೊಳೆಯುತ್ತಿದ್ದರೆ ಬಿರುಕು ಹಳೆಯದು. ಎಷ್ಟೋ ಸೀಸನ್ ಹಿಂದೆ ಬಿಟ್ಟದ್ದು ಈಗ ಪೂರ್ತಿ ಬಿಟ್ಟುಕೊಂಡಿದೆ ಅಷ್ಟೇ. ಬಿರುಕಿನ ತುದಿಯಲ್ಲಿ ಗುಳ್ಳೆ ಕಂಡರೆ ಹೊಯ್ದ ದಿನದಿಂದಲೇ ಆ ದೋಷ ಒಳಗಿತ್ತು.

ಸಣ್ಣ ಬಿರುಕಾದರೆ ನಿಕಲ್ ರಾಡಿನಲ್ಲಿ ವೆಲ್ಡ್ ಮಾಡಿಸಬಹುದು. ಮೊದಲು ಕಾಯಿಸಬೇಕು, ಆಮೇಲೆ ನಿಧಾನಕ್ಕೆ ಆರಬೇಕು. ಸಾದಾ ರಾಡಿನಲ್ಲಿ ಬಡಬಡನೆ ಬೆಸೆದು ನೀರು ಸುರಿದರೆ ಪಕ್ಕದಲ್ಲೇ ಮತ್ತೆ ಬಿಡುತ್ತದೆ.

ಹೊಸದಾಗಿ ಹೊಯ್ಯಿಸುವುದಾದರೆ ಹಳೇ ಪೀಸನ್ನು ಅಂಟಿಸಿ ಅದನ್ನೇ ಪ್ಯಾಟರ್ನ್ ಮಾಡಿ ಎಂದು ಫೌಂಡ್ರಿಗೆ ಕೊಟ್ಟು ಬರುವವರು ಜಾಸ್ತಿ. ಬಂದ ಪೀಸು ಬೋಲ್ಟಿಗೆ ಕೂರುವುದಿಲ್ಲ. ಬೀಡುಕಬ್ಬಿಣ ತಣ್ಣಗಾಗುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. 300 ಮಿಲಿಮೀಟರ್ ಉದ್ದದ ಭಾಗ 3 ಮಿಲಿಮೀಟರ್ ಗಿಡ್ಡ ಬರುತ್ತದೆ. ಅದಕ್ಕೇ ಪ್ಯಾಟರ್ನ್ ಮೇಕರ್ ಹತ್ತಿರ ಕುಗ್ಗುವ ಲೆಕ್ಕ ಸೇರಿಸಿದ ಬೇರೆಯೇ ಸ್ಕೇಲ್ ಇರುತ್ತದೆ. ಹೊಸ ಮರದ ಪ್ಯಾಟರ್ನ್ ಮಾಡಿಸಿ, ಇಲ್ಲವೇ ಹಳೇ ಪೀಸಿನ ಮೇಲೆ ಪುಟ್ಟಿ ಕಟ್ಟಿಸಿ.

ಹೋಗುವಾಗ ಈ ವಿವರ ಬರೆದುಕೊಂಡು ಹೋಗಿ: ಯಾವ ಮುಖಕ್ಕೆ ಮಷಿನಿಂಗ್ ಆಗಬೇಕು, ಅಲ್ಲಿ 3 ಮಿಲಿಮೀಟರ್ ಜಾಸ್ತಿ ಲೋಹ ಬಿಡಬೇಕು; ಬೋಲ್ಟ್ ತೂತುಗಳ ನಡುವಿನ ಅಂತರ, ಅದನ್ನು ಪಲ್ಪರಿನ ಮೇಲೆಯೇ ಅಳೆದಿರಬೇಕು, ಒಡೆದ ಪೀಸಿನ ಮೇಲಲ್ಲ; ಎಷ್ಟು ಪೀಸು ಬೇಕು. ತೂತುಗಳನ್ನು ಎರಕದಲ್ಲಿ ಬಿಡಿಸದೆ ಆಮೇಲೆ ಡ್ರಿಲ್ ಹೊಡೆಸುವುದು ಒಳ್ಳೆಯದು. ಒಂದರ ಬದಲು ಎರಡು ಹೊಯ್ಯಿಸಿ, ಪ್ಯಾಟರ್ನ್ ಖರ್ಚು ಹೇಗೂ ಒಂದೇ. ಆ ಪ್ಯಾಟರ್ನನ್ನು ಫೌಂಡ್ರಿಯಲ್ಲಿ ಬಿಟ್ಟು ಬರಬೇಡಿ, ಮನೆಗೆ ತಂದು ಗೆದ್ದಲು ಹತ್ತದ ಕಡೆ ಇಡಿ. ಮತ್ತೆ ಈ ಕೆಲಸವನ್ನು ಏಪ್ರಿಲ್ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ನವೆಂಬರಿನಲ್ಲಿ ಹಣ್ಣು ಕೆಂಪಾದ ಮೇಲೆ ಫೌಂಡ್ರಿಯವರಿಗೆ ಫೋನ್ ಮಾಡಿದರೆ ಒಂದು ಪೀಸಿಗಾಗಿ ಅವರು ಅಚ್ಚಿನ ಪೆಟ್ಟಿಗೆ ಖಾಲಿ ಮಾಡಿಕೊಡುವುದಿಲ್ಲ.